ಗೊರಸು ಬೆಳೆಯುವಷ್ಟು ಹೊತ್ತು

ಕುದುರೆಯ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಕೂದಲ ಅಂಚಿನಲ್ಲಿ ಹುಟ್ಟಿದ ಹೊಸ ಗೊರಸು ಇಳಿಯುತ್ತ ಇಳಿಯುತ್ತ ನೆಲ ಮುಟ್ಟಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕಾಲು ಕೆಟ್ಟ ಕುದುರೆಯನ್ನು ತಂದು ಕಟ್ಟಿಕೊಂಡವರು ಈ ಲೆಕ್ಕಕ್ಕೆ ತಲೆಬಾಗಲೇಬೇಕು. ಯುಗಾದಿಗೆ ಬಂದದ್ದು ದೀಪಾವಳಿಯ ಹೊತ್ತಿಗೆ ನೆಟ್ಟಗೆ ನಡೆದೀತು. ಓಟವೇನಿದ್ದರೂ ಮುಂದಿನ ಯುಗಾದಿಯ ಮಾತು. ಅದನ್ನು ಬೇಗ ಮಾಡಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಹತ್ತೇ ನಿಮಿಷದಲ್ಲಿ ಹಾಲು, ತರಕಾರಿ, ಚಾರ್ಜರು ಎಲ್ಲವೂ ಮನೆ ಬಾಗಿಲಿಗೆ ಬಂದು ಬೀಳುವ ಈ ಬೆಂಗಳೂರಿನಲ್ಲಿ ಇಷ್ಟು ನಿಧಾನವಾದ ಒಂದು ಕೆಲಸ ನನ್ನ ಪಾಲಿಗೆ ಬಂತಲ್ಲ ಎಂಬುದು ನನ್ನ ಭಾನುವಾರಗಳ ಸುಖ.

ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದತ್ತ ಹೋಗುವಾಗ ಒಳದಾರಿ ಹಿಡಿದರೆ ಇನ್ನೂ ಒಂದಿಷ್ಟು ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು, ರಾಗಿ ಹೊಲ ಕಾಣಸಿಗುತ್ತವೆ. ಅವುಗಳ ನಡುವೆ ಗುತ್ತಿಗೆಗೆ ಹಿಡಿದ ಒಂದು ತುಂಡು ಜಮೀನು. ತಗಡಿನ ಮಾಡು, ಮಣ್ಣಿನ ನೆಲ, ಸಿಮೆಂಟಿನ ನೀರುತೊಟ್ಟಿ, ಎರಡು ಹೊಂಗೆ ಮರ. ದುಡಿದು ದಣಿದು ಯಾರಿಗೂ ಬೇಡವಾದ ಕೆಲವು ಕುದುರೆಗಳು, ಒಂದು ಹೇಸರಗತ್ತೆ, ಒಂದು ಜೋಡಿ ಕತ್ತೆ ಅಲ್ಲಿವೆ. ವಾರವಿಡೀ ನೋಡಿಕೊಳ್ಳಲು ಸಂಬಳದ ಇಬ್ಬರಿದ್ದಾರೆ. ಶನಿವಾರ, ಭಾನುವಾರ ಬರುವ ನಾವು ಸ್ವಯಂಸೇವಕರು: ಜಿಕೆವಿಕೆಯ ಕೃಷಿ ವಿದ್ಯಾರ್ಥಿಗಳು, ಸಹಕಾರನಗರದ ಒಬ್ಬ ನರ್ಸ್, ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು, ಆರ್.ಟಿ. ನಗರದಿಂದ ನಾನು. ಪ್ರಾಣಿ ರಕ್ಷಣೆ ಎಂದ ಕೂಡಲೇ ಜನ ಹಗ್ಗ, ಲಾರಿ, ಪೊಲೀಸರು, ಕೂಗಾಟವನ್ನೆಲ್ಲ ನೆನೆಯುತ್ತಾರೆ. ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಉಳಿದ ವರ್ಷವೆಲ್ಲ ಲದ್ದಿ ಬಾಚುವುದು, ನೀರು ತುಂಬುವುದು, ಹುಲ್ಲು ಕೊಡವುವುದು, ಗಾಯ ತೊಳೆಯುವುದು.

ಬೆಳಗಿನ ಹೊತ್ತಿಗೆ ಲಾಯ ಹೊಕ್ಕರೆ ಮೊದಲು ಮೂಗಿಗೆ ತಾಗುವುದು ಲದ್ದಿಯ ವಾಸನೆ. ಅದಕ್ಕೆ ದನದ ಸಗಣಿಯ ಭಾರವಿಲ್ಲ. ಅರ್ಧ ಅರಗಿದ ಹುಲ್ಲಿನ, ಒದ್ದೆ ಮಣ್ಣಿನ, ಬೆಚ್ಚಗಿನ ಬೆವರಿನ ಮಿಶ್ರ ವಾಸನೆ ಅದು. ಒಂದೊಂದಾಗಿ ತಲೆಗಳು ಏಳುತ್ತವೆ. ಮೂಗಿನ ಹೊಳ್ಳೆ ಅರಳಿಸಿ, ಬಾಯಿ ತೆರೆಯದೆ, ಎದೆಯೊಳಗಿನಿಂದ ಹೊರಡಿಸುವ ಒಂದು ನಡುಗುವ ಸದ್ದಿದೆಯಲ್ಲ, ಅದು ಕೆನೆತವಲ್ಲ. ಗುರುತು ಹಿಡಿದವರಿಗೆ ಮಾತ್ರ ಸಿಗುವ ಸದ್ದು. ಅದಾದ ಮೇಲೆ ಹುಲ್ಲು ಹಾಕಬೇಕು. ಎಲ್ಲವೂ ಒಟ್ಟಿಗೆ ಅಗಿಯತೊಡಗಿದಾಗ ನಾನು ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಬಲು ಚಿಕ್ಕದು, ಹತ್ತು ಹದಿನೈದು ಲೀಟರಿನದು. ತಿಂದದ್ದನ್ನು ವಾಂತಿ ಮಾಡುವುದಂತೂ ಅದಕ್ಕೆ ಸಾಧ್ಯವೇ ಇಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹದಿನಾರು ಗಂಟೆಯವರೆಗೂ, ಮೇಯುತ್ತಲೇ ಇರಲು ಹುಟ್ಟಿದ ಪ್ರಾಣಿ ಅದು. ಬೆಳಗ್ಗೆ ಒಂದು ಹಿಡಿ, ರಾತ್ರಿ ಒಂದು ಹಿಡಿ ಕೊಟ್ಟು ನಡುವೆ ಗಾಡಿಗೆ ಕಟ್ಟಿದರೆ ಹೊಟ್ಟೆಯೊಳಗೆ ಹುಣ್ಣಾಗುತ್ತದೆ. ಅದು ಹೊರಗೆ ಯಾರಿಗೂ ಕಾಣುವುದಿಲ್ಲ.

ಆಮೇಲೆ ಖರಾರ. ಕುತ್ತಿಗೆಯಿಂದ ಶುರುಮಾಡಿ ಭುಜ, ಬೆನ್ನು, ಪಕ್ಕೆ, ಚಪ್ಪೆಯವರೆಗೆ ಸುತ್ತು ಸುತ್ತಾಗಿ ತಿಕ್ಕುತ್ತ ಹೋದರೆ ಧೂಳು ಮೇಲೆದ್ದು ಬಿಸಿಲ ಕೋಲಿನಲ್ಲಿ ತೇಲುತ್ತದೆ. ಹೊಸದಾಗಿ ಬಂದದ್ದಾದರೆ ಮೈ ಬಿಗಿಹಿಡಿದು, ಕಣ್ಣಿನ ಬಿಳಿ ತೋರಿಸಿ, ಪೆಟ್ಟು ಯಾವ ಕಡೆಯಿಂದ ಬೀಳುತ್ತದೋ ಎಂದು ಕಾಯುತ್ತ ನಿಲ್ಲುತ್ತದೆ. ವಾರಗಳು ಕಳೆದ ಮೇಲೆ ಒಂದು ದಿನ ಕೆಳತುಟಿ ಸಡಿಲವಾಗಿ ಇಳಿಬೀಳುತ್ತದೆ, ಕಿವಿಗಳು ಪಕ್ಕಕ್ಕೆ ವಾಲುತ್ತವೆ, ಒಂದು ಹಿಂಗಾಲು ಮಡಿಚಿಕೊಳ್ಳುತ್ತದೆ. ಇನ್ನೂ ಕೆಲವು ದಿನಕ್ಕೆ ಅದು ಮಲಗುತ್ತದೆ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಗಾಢವಾದ ನಿದ್ದೆಗೆ ಅದು ನೆಲಕ್ಕೆ ಒರಗಲೇಬೇಕು, ನಂಬಿಕೆಯಿಲ್ಲದ ಜಾಗದಲ್ಲಿ ಒರಗುವುದಿಲ್ಲ. ಮೈಮೇಲೆ ಹುಲ್ಲುಕಡ್ಡಿ ಅಂಟಿಸಿಕೊಂಡು ನಿಂತ ಕುದುರೆಯನ್ನು ಕಂಡ ಬೆಳಗ್ಗೆ ಲಾಯದಲ್ಲಿ ಎಲ್ಲರ ಮುಖವೂ ಅರಳುತ್ತದೆ.

ಕಲ್ಯಾಣಿ ಬಂದದ್ದು ಒಂದು ಬೇಸಗೆಯ ಕೊನೆಯಲ್ಲಿ. ಹೆಬ್ಬಾಳದ ಮೇಲ್ಸೇತುವೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮುಂಗಾಲೊಂದನ್ನು ಊರಲಾರದೆ ನಿಂತಿದ್ದವಳನ್ನು ಹಾಲಿನ ವ್ಯಾನಿನವರು ನೋಡಿ ತಿಳಿಸಿದ್ದರು. ಮೈಯೆಲ್ಲ ಕಂದು, ನಾಲ್ಕು ಕಾಲಿಗೂ ಬಿಳುಪು, ಹಣೆಯಿಂದ ಮೂಗಿನವರೆಗೆ ಬಿಳಿ ಪಟ್ಟೆ. ಪಂಚಕಲ್ಯಾಣಿ. ಆ ಶುಭಲಕ್ಷಣದಿಂದಾಗಿಯೇ ಅರಮನೆ ಮೈದಾನದ ಮದುವೆಗಳಲ್ಲಿ ಮದುಮಗನನ್ನು ಹೊತ್ತಿದ್ದಳು. ಡ್ರಮ್ಮು, ಪಟಾಕಿ, ಕಣ್ಣು ಕುಕ್ಕುವ ದೀಪ, ಜನರೇಟರಿನ ಹೊಗೆ. ಕುದುರೆಯ ಕಿವಿಗೆ ಅದು ಎಂಥ ಶಿಕ್ಷೆಯೆಂದು ಹಾಡಿ ಕುಣಿಯುವವರು ಒಂದು ಗಳಿಗೆ ಯೋಚಿಸಿದರೂ ಸಾಕು. ಆದರೆ ಕುತ್ತಿಗೆಯ ಮೇಲೆ ಸುಳಿಯೊಂದು ತಪ್ಪು ಜಾಗದಲ್ಲಿದೆ ಎಂದು ಯಾರೋ ಹೇಳಿದರು. ಕುದುರೆ ಕೊಳ್ಳುವವರಿಗೆ ಸುಳಿಯೇ ಜಾತಕ. ಕೈಯಿಂದ ಕೈಗೆ ಅಗ್ಗವಾಗುತ್ತ, ಕೊನೆಗೆ ಸಾಮಾನಿನ ಗಾಡಿಗೆ ಬಂದಿದ್ದಳು.

ಬಾಯಿ ತೆರೆಸಿ ನೋಡಿದ ಪಶುವೈದ್ಯರು ಸುಮ್ಮನೆ ತಲೆಯಾಡಿಸಿದರು. ನಾಲಗೆಯ ಎರಡೂ ಅಂಚು, ತುಟಿಯ ಮೂಲೆಗಳು ಹಳೆಯ ಗಾಯ, ಹೊಸ ಗಾಯಗಳಿಂದ ಗಟ್ಟಿಯಾಗಿದ್ದವು. ಅದು ಮುಳ್ಳಿನ ಕಡಿವಾಣದ ಕೆಲಸ. ಸರಳಿನ ಪಕ್ಕದಲ್ಲಿ ಮೊಳೆಗಳನ್ನು ಕೂರಿಸಿದ ಬಳೆಗಳಿರುತ್ತವೆ, ಲಗಾಮು ಎಳೆದಾಗ ಅವು ಕೆನ್ನೆಗೆ ಚುಚ್ಚುತ್ತವೆ. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲೇ ಮಾಡಿದ ನಿಯಮಗಳು ಮುಳ್ಳು ಕಡಿವಾಣವನ್ನು ನಿಷೇಧಿಸಿವೆ. ಅದೇ ನಿಯಮಗಳ ಪ್ರಕಾರ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ದಿನ ಹನ್ನೆರಡರಿಂದ ಮೂರರವರೆಗೆ ಕಟ್ಟುವಂತಿಲ್ಲ. ಕತ್ತೆಯ ಬೆನ್ನಿಗೆ 50 ಕಿಲೋಗಿಂತ ಹೆಚ್ಚು ಹೇರುವಂತಿಲ್ಲ. ಬರೆದವರು ಪ್ರಾಣಿಯನ್ನು ಹತ್ತಿರದಿಂದ ಕಂಡವರೇ ಇರಬೇಕು. ಆದರೆ ಮೂಲ ಕಾಯ್ದೆ 1960ರದು, ಅದರಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇವತ್ತು ಐವತ್ತು ರೂಪಾಯಿಗೆ ಒಂದು ಕುದುರೆಯ ಒಂದು ಹೊತ್ತಿನ ಮೇವೂ ಬರುವುದಿಲ್ಲ.

ಮಾಲೀಕ ತಾನಾಗಿಯೇ ಹುಡುಕಿಕೊಂಡು ಬಂದ. ಇಪ್ಪತ್ತೈದರ ಹುಡುಗ. ಅವನ ಮೇಲೆ ಹರಿಹಾಯಲು ತಯಾರಾಗಿದ್ದವರೆಲ್ಲ ಅವನ ಚಪ್ಪಲಿ ನೋಡಿ ಸುಮ್ಮನಾದರು. ಸರಕು ಆಟೋಗಳ ಮುಂದೆ ಗಾಡಿಗೆ ಬಾಡಿಗೆಯೇ ಸಿಗುತ್ತಿರಲಿಲ್ಲ, ಕುದುರೆಗೆ ಹಾಕಲು ಅವನ ಬಳಿ ಏನೂ ಉಳಿದಿರಲಿಲ್ಲ. ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿ, ಬಾಗಿಲ ಬಳಿ ನಿಂತು, "ಹುರುಳಿ ನೆನೆಸಿ ಕೊಡಿ, ಅವಳಿಗೆ ಇಷ್ಟ" ಎಂದ. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಆ ಹೊತ್ತಿನಲ್ಲಿ ಒಂದು ಬಕೆಟ್ ಹುರುಳಿ ಅವಳನ್ನು ಕೊಂದೇಬಿಡುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರಿಂದಲೇ ಇಲ್ಲಿ ಹೆಚ್ಚು ಅನಾಹುತವಾಗುತ್ತದೆ. ಬಹಳ ದಿನ ಹಸಿದ ಮೈ ಕೊಬ್ಬು ಕರಗಿಸಿ, ಆಮೇಲೆ ಮಾಂಸಖಂಡ ಕರಗಿಸಿ ಬದುಕುತ್ತಿರುತ್ತದೆ. ಅಂಥ ಮೈಗೆ ಕಾಳು, ತೌಡು, ಬೆಲ್ಲ ಒಮ್ಮೆಲೇ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ. ಅದರ ಬೆನ್ನಿಗೆ ರಕ್ತದಲ್ಲಿದ್ದ ರಂಜಕ, ಮೆಗ್ನೀಸಿಯಮ್, ಪೊಟ್ಯಾಸಿಯಮ್ ಜೀವಕೋಶಗಳೊಳಗೆ ನುಗ್ಗಿ ರಕ್ತ ಬರಿದಾಗುತ್ತದೆ. ಹೃದಯ, ಉಸಿರು ಸೋಲುತ್ತವೆ. ಹಸಿವೆಯಿಂದ ಸಾಯದ ಕುದುರೆ ಊಟದಿಂದ ಸಾಯುತ್ತದೆ, ಅದೂ ಕೆಲವು ದಿನ ತಿಂದು ಚೇತರಿಸಿಕೊಂಡಂತೆ ಕಂಡ ಮೇಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ವಿಜ್ಞಾನಿಗಳು ಹಸಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ, ಅಲ್ಫಾಲ್ಫಾ ಎಂಬ ಸೊಪ್ಪಿನ ಒಣಮೇವೇ ಎಲ್ಲಕ್ಕಿಂತ ಸುರಕ್ಷಿತ ಎಂದು ಕಂಡುಕೊಂಡರು. ಪಿಷ್ಟ ಕಡಿಮೆ, ಪ್ರೋಟೀನು, ರಂಜಕ, ಮೆಗ್ನೀಸಿಯಮ್ ಹೆಚ್ಚು. ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆದು ಬೆಳೆಯುವುದು ಅದನ್ನೇ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕಿಲೋ ಒಣಸೊಪ್ಪು, ರಾತ್ರಿಯೂ ಸೇರಿ. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ತೂಕ ಮೆಲ್ಲಗೆ ಏರಬೇಕು, ಹೊತ್ತುಗಳ ನಡುವಿನ ಅಂತರ ಹಿಗ್ಗಬೇಕು. ಮತ್ತೆ ಮೈತುಂಬಿಕೊಳ್ಳಲು ಮೂರರಿಂದ ಐದು ತಿಂಗಳು.

ಆ ಹತ್ತು ದಿನ ರಾತ್ರಿ ಎರಡಕ್ಕೆ, ಬೆಳಗಿನ ಆರಕ್ಕೆ ಸರದಿಯಲ್ಲಿ ಎದ್ದು ತೂಕ ಮಾಡಿ ಕೊಟ್ಟೆವು. ಕಲ್ಯಾಣಿ ಕೊಟ್ಟದ್ದನ್ನು ಮುಗಿಸಿ, ಖಾಲಿ ಮಂಕರಿಯನ್ನು ಮೂತಿಯಿಂದ ತಳ್ಳಿ ತಳ್ಳಿ ಇನ್ನೂ ಬೇಕೆಂದು ಕೇಳುತ್ತಿದ್ದಳು. ಹಸಿದವಳಿಗೆ ಇಲ್ಲವೆನ್ನುವುದು ಬಹಳ ಕಷ್ಟ. ನಮ್ಮ ಪೈಕಿ ನರ್ಸ್ ಮಾತ್ರ ಗಟ್ಟಿಯಾಗಿ ನಿಂತರು, ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನು ಕಂಡಿದ್ದರಂತೆ.

ಇಷ್ಟೆಲ್ಲದರ ಮಧ್ಯೆ ಚಾಚಾ. ಎಲ್ಲರೂ ಕರೆಯುವುದು ಹಾಗೆಯೇ. ಯಶವಂತಪುರದ ರೈಲು ನಿಲ್ದಾಣದ ಮುಂದೆ ಜಟಕಾಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದ ಕೊನೆಯ ತಲೆ ಅವರು. ಅವರ ತಂದೆಗೂ, ತಾತನಿಗೂ ಜಟಕಾವೇ ಬದುಕು. ಮಲ್ಲೇಶ್ವರಕ್ಕೆ ಹೆರಿಗೆಗೆ ಬಂದ ಹೆಣ್ಣುಮಕ್ಕಳನ್ನು ಒಣಹುಲ್ಲು ಹಾಸಿ, ಜಮಖಾನ ಹೊದಿಸಿ, ಕುದುರೆಯನ್ನು ಓಡಿಸದೆ ನಡೆಸಿಯೇ ಮನೆ ಮುಟ್ಟಿಸಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆಟೋಗಳು ಬಂದವು, ನಿಲ್ದಾಣದ ಮುಂದಿನ ನೀರುತೊಟ್ಟಿ ಹೋಯಿತು, ಲಾಳ ಕಟ್ಟುವ ಕುಲುಮೆ ಹೋಯಿತು, ಜಟಕಾ ಹೋಯಿತು. ಚಾಚಾ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತರು, ಕಾವಲುಗಾರರಾದರು. ನಾವು ಬೂಸಾ ಕೊಳ್ಳಲು ಆ ಯಾರ್ಡಿಗೆ ಹೋದಾಗಲೇ ಅವರು ಸಿಕ್ಕಿದ್ದು. "ಕುದುರೆಗಾ? ಈ ಬೂಸಾ ಬೇಡ, ವಾಸನೆ ನೋಡಿ, ಬೂಷ್ಟು ಹಿಡಿದಿದೆ" ಎಂದು ಮೂಟೆಗೆ ಕೈಹಾಕಿ ಒಂದು ಹಿಡಿ ಮೂಗಿನ ಬಳಿ ಹಿಡಿದರು. ಮುಂದಿನ ವಾರ ಲಾಯಕ್ಕೆ ಬಂದರು. ಅಂದಿನಿಂದ ಬರುತ್ತಲೇ ಇದ್ದಾರೆ.

ಕುದುರೆ ಎಷ್ಟು ಸೊರಗಿದೆ ಎಂದು ಅಳೆಯಲು ಪಶುವೈದ್ಯರ ಬಳಿ ಒಂದರಿಂದ ಒಂಬತ್ತರ ಒಂದು ಪಟ್ಟಿಯಿದೆ, ಅಮೆರಿಕದ ಟೆಕ್ಸಸ್‌ನಲ್ಲಿ ಡಾನ್ ಹೆನೆಕ್ ಎಂಬ ಸಂಶೋಧಕ 1983ರಲ್ಲಿ ಪ್ರಕಟಿಸಿದ್ದು. ಕಣ್ಣಿಗಿಂತ ಬೆರಳನ್ನು ನಂಬಬೇಕು ಎಂಬುದು ಅದರ ತಿರುಳು: ಕುತ್ತಿಗೆ, ಹೆಗಲಿನ ಗೂನು, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ, ಈ ಆರು ಜಾಗಗಳಲ್ಲಿ ಕೊಬ್ಬನ್ನು ಮುಟ್ಟಿ ನೋಡಬೇಕು. ಚಾಚಾ ಆ ಹೆಸರನ್ನು ಕೇಳಿದವರಲ್ಲ. ಕಲ್ಯಾಣಿಯನ್ನು ಮೊದಲ ದಿನ ನೋಡಿದಾಗ ಅವರು ಮಾತಾಡಲಿಲ್ಲ. ಬಳೆಗಾರ ಕೈ ಹಿಡಿದು ಅಳತೆ ನೋಡುವಂತೆ ಕುತ್ತಿಗೆಯಿಂದ ಬಾಲದ ಬುಡದವರೆಗೆ ಒತ್ತುತ್ತ ಹೋದರು. ಅವರ ಕೈ ನಿಂತ ಜಾಗಗಳು ಸರಿಯಾಗಿ ಆ ಆರೇ. ನನ್ನ ಕೈಲಿದ್ದ ಕಾಗದದ ಪಟ್ಟಿಯನ್ನೂ ಆ ಕೈಯನ್ನೂ ನೋಡಿ ನಾನು ಬೆರಗಾದೆ. ಕುದುರೆಯನ್ನು ಕಾಪಾಡಬೇಕೆನ್ನುವ ನಾವು ಕುದುರೆಯವರನ್ನೂ ಕಾಪಾಡದೆ ಈ ಕೆಲಸ ಆಗುವುದಿಲ್ಲ ಎಂದು ನನಗೆ ಖಾತ್ರಿಯಾದದ್ದು ಅಂದು. ಗಾಡಿ ನಿಂತಾಗ ಬೀದಿಗೆ ಬಿದ್ದದ್ದು ಕುದುರೆಯೊಂದೇ ಅಲ್ಲ, ಅದರ ನಾಡಿ ಬಲ್ಲ ಕೈಯೂ ಬಿತ್ತು. 2015ರಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸುವಂತೆ ಹೇಳಿದಾಗ ಗಾಡಿಯವರ ಪುನರ್ವಸತಿಯ ಮಾತನ್ನೂ ಸೇರಿಸಿತ್ತು. ನಮ್ಮ ಜಟಕಾಗಳಿಗೆ ಯಾವ ಕೋರ್ಟೂ ಬೇಕಾಗಲಿಲ್ಲ. ತಾವಾಗಿಯೇ ಕರಗಿದವು, ಅದರವರು ಏನಾದರೆಂದು ಕೇಳುವವರೂ ಇರಲಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ಕುದುರೆ, ತಟ್ಟುಗಳ ಸಂಖ್ಯೆ ನೂರಕ್ಕೆ 45ರಷ್ಟು ಇಳಿದು ಮೂರೂವರೆ ಲಕ್ಷದೊಳಗೆ ಬಂತು. ಕತ್ತೆಗಳು ನೂರಕ್ಕೆ 61ರಷ್ಟು ಇಳಿದವು. ಇಡೀ ಭಾರತದಲ್ಲಿ ಉಳಿದದ್ದು ಸುಮಾರು 1.2 ಲಕ್ಷ. ಏಳೇ ವರ್ಷದಲ್ಲಿ.

ನನ್ನ ಮನೆಯಿಂದ ಜಯಮಹಲಿನ ಕಡೆ ಹೋಗುವಾಗ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೀನ್‌ಗಳಲ್ಲಿ ಕಾದಾಡಿದ ಮೈಸೂರಿನ ಅಶ್ವದಳದ ಗುರುತು ಅದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದವರು ಇವರು. ಮಷಿನ್‌ಗನ್ನುಗಳ ಎದುರು, ಈಟಿ ಹಿಡಿದು, ಕುದುರೆಯ ಮೇಲೆ. ಆ ದಿನ ನಮ್ಮ ಕಡೆ ಮಡಿದ ಸೈನಿಕರು ಎಂಟು, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಹೈಫಾದ ಗೆಲುವನ್ನು ನೆನೆಯುವ ಭಾಷಣಗಳಲ್ಲಿ ಈ ಎರಡನೆಯ ಲೆಕ್ಕ ಕೇಳಿಸುವುದು ಅಪರೂಪ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ಕುದುರೆಗಳನ್ನು ಊರಿಗೆ ಒಯ್ಯದೆ ಈಜಿಪ್ಟಿನಲ್ಲೇ ಮಾರಿಬಿಟ್ಟಿತು. ಹನ್ನೆರಡು ವರ್ಷಗಳ ಬಳಿಕ, 1930ರಲ್ಲಿ, ಗಂಡನ ಜೊತೆ ಕೈರೋಗೆ ಬಂದ ಡೊರತಿ ಬ್ರೂಕ್ ಎಂಬ ಹೆಣ್ಣುಮಗಳು ಆ ಕುದುರೆಗಳಲ್ಲಿ ಬದುಕುಳಿದವು ಕಲ್ಲುಗಣಿಗಳಲ್ಲಿ, ಬೀದಿಗಾಡಿಗಳಲ್ಲಿ ಎಲುಬಿನ ಗೂಡಾಗಿ ಎಳೆಯುತ್ತಿರುವುದನ್ನು ಕಂಡಳು. ಲಂಡನ್ನಿನ ಪತ್ರಿಕೆಗೆ 1931ರಲ್ಲಿ ಅವಳು ಬರೆದ ಒಂದು ಕಾಗದಕ್ಕೆ ಹಣ ಹರಿದುಬಂತು. ಮೂರು ವರ್ಷಗಳಲ್ಲಿ ಸುಮಾರು ಐದು ಸಾವಿರ ಹಳೆಯ ಯುದ್ಧಕುದುರೆಗಳನ್ನು ಕೊಂಡಳು. ಹೆಚ್ಚಿನವಕ್ಕೆ ಅವಳು ಕೊಡಲಾದದ್ದು ಕೆಲವು ದಿನಗಳ ಮೆತ್ತನೆಯ ಹಾಸು, ಹೊಟ್ಟೆತುಂಬ ಮೇವು, ನೋವಿಲ್ಲದ ಸಾವು ಮಾತ್ರ. 1934ರಲ್ಲಿ ಅವಳು ಕೈರೋದಲ್ಲಿ ತೆರೆದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಇಂದು ಭಾರತವೂ ಸೇರಿ ಹಲವು ದೇಶಗಳಲ್ಲಿ ದುಡಿಯುವ ಕುದುರೆ, ಕತ್ತೆಗಳ ಮಧ್ಯೆ ಕೆಲಸ ಮಾಡುತ್ತಿದೆ. ಅವರು ಮಾಲೀಕರನ್ನು ಕೂರಿಸಿಕೊಂಡು ಕಲಿಸುತ್ತಾರೆ, ಅದು ನನಗೆ ಸರಿಯೆನಿಸುತ್ತದೆ.

ನಮ್ಮ ಹೆಬ್ಬಾಳದ ಪ್ರಾಣಿ ಆಸರೆಯ ಕಥೆಯೂ ಒಂದು ಕುದುರೆಯಿಂದಲೇ ಶುರುವಾದದ್ದು. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಎಲ್ಲಿಗೋ ಹೊರಟವರು ದಾರಿಯಲ್ಲಿ ದೆಹಲಿಯಲ್ಲಿ ಇಳಿದಾಗ, ರಸ್ತೆ ಬದಿಯಲ್ಲಿ ಸಾಯುತ್ತ ಬಿದ್ದ ಕುದುರೆಯೊಂದನ್ನು ಕಂಡರು. ಕಾಗೆಗಳು ಅದರ ಕಣ್ಣುಗಳನ್ನು ಕುಕ್ಕಿ ತೆಗೆದಿದ್ದವು. ಅವರು ಮುಂದೆ ಹೋಗಲಿಲ್ಲ, ಭಾರತದಲ್ಲೇ ಉಳಿದರು. ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗೆ ಆಸರೆ ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿ ರಕ್ಷಣೆಯ ಸಂಸ್ಥೆಯನ್ನು ಹುಟ್ಟುಹಾಕಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅದರ ಆಸರೆ ಬೆಳೆಯಿತು. 1958ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ಕಲಿತ ವೈದ್ಯರೇ ಇಂದು ನಮ್ಮಂಥ ಸಣ್ಣ ಲಾಯಗಳಿಗೂ ಬರುವವರು. ಕಲ್ಯಾಣಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕುತ್ತ ಒಬ್ಬ ವೈದ್ಯೆ ಹೇಳಿದರು: ಈ ರೋಗ ಕುದುರೆಗೆ ತಾಗುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಾಗುವುದಿಲ್ಲ, ಆದರೆ ಮನುಷ್ಯರನ್ನು ಇದರಿಂದ ದಶಕಗಳ ಕಾಲ ಉಳಿಸಿದ ಸೀರಮ್ಮು ತಯಾರಾದದ್ದು ಕುದುರೆಯ ರಕ್ತದಿಂದ. ಹಾವು ಕಚ್ಚಿದವರಿಗೆ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಕೊಡುವ ಮದ್ದಿಗೂ ಇವತ್ತಿನವರೆಗೆ ಕುದುರೆಯ ರಕ್ತವೇ ಮೂಲ. ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಬದುಕಿ ಬಂದ ರೈತನ ಮೈಯೊಳಗೆ ಯಾವುದೋ ಕುದುರೆಯ ಋಣ ಇದ್ದೇ ಇದೆ.

ಮಳೆ ಹಿಡಿದ ಮೇಲೆ ಗೊರಸಿನ ಕೆಲಸ ಜೋರಾಯಿತು. ಕಲ್ಯಾಣಿಯ ಮುಂಗಾಲಿನ ಗೊರಸು ಉದ್ದ ಬೆಳೆದು, ಮುಂದಕ್ಕೆ ಬಾಗಿ, ಒಳಗೆ ಕೀವು ತುಂಬಿಕೊಂಡಿತ್ತು. ಗೊರಸಿನ ಅಡಿಯ ತ್ರಿಕೋನದ ಮೆತ್ತೆಯನ್ನು ಚಾಚಾ ಪುತ್ಲಿ ಎನ್ನುತ್ತಾರೆ. ಪ್ರತಿ ಹೆಜ್ಜೆಗೂ ನೆಲಕ್ಕೆ ಒತ್ತಿ, ರಕ್ತ ಮೇಲೇರಲು ನೆರವಾಗುವ ಭಾಗ ಅದು. ಕೆಸರಲ್ಲೇ ನಿಂತರೆ ಕೊಳೆತು ನಾರುತ್ತದೆ. ದೇವನಹಳ್ಳಿಯ ಕಡೆ ಇರುವ ಸವಾರಿ ಶಾಲೆಗಳಲ್ಲಿ ನುರಿತ ಲಾಳದವರಿದ್ದಾರೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿಗೂ ಹೋದ ಫೌವಾದ್ ಮಿರ್ಜಾ ನಮ್ಮ ಬೆಂಗಳೂರಿನವರು. ಅಂಥ ಸವಾರರಿಂದಾಗಿ ಊರಿನ ಈ ಉತ್ತರದ ಅಂಚಿನಲ್ಲಿ ಕುದುರೆಯ ವಿದ್ಯೆ ಹೊಸದಾಗಿ ಚಿಗುರಿದೆ. ಅಲ್ಲಿಯ ಲಾಳದವರೊಬ್ಬರು ಬಿಡುವಿನ ದಿನ ಬಂದು ಹೆರೆದು, ಕೆತ್ತಿ, ಉಜ್ಜಿ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಅವರೂ ಚಾಚಾರೂ ಗೊರಸೊಂದನ್ನು ನಡುವೆ ಹಿಡಿದು ವಾದಕ್ಕಿಳಿದರೆ ಮಧ್ಯಾಹ್ನದ ಊಟ ಆರಿಹೋಗುತ್ತದೆ. ಆ ಲಾಳದವರೇ ನನಗೆ ತೋರಿಸಿದ್ದು: ಗೊರಸಿನ ಗೋಡೆಯ ಮೇಲೆ ಅಡ್ಡಕ್ಕೆ ಒಂದು ಉಬ್ಬುಗೆರೆ. ಮೇವು ಬದಲಾದಾಗ, ಜ್ವರ ಬಂದಾಗ, ಹಸಿದಾಗ ಗೊರಸು ಅದನ್ನು ಹೀಗೆ ಬರೆದಿಟ್ಟುಕೊಳ್ಳುತ್ತದೆ. ಗೆರೆಯ ಕೆಳಗಿನದು ಗಾಡಿಯ ಕಾಲದ್ದು, ಒರಟು, ಬಿರುಕು. ಮೇಲಿನದು ನಮ್ಮ ಲಾಯದಲ್ಲಿ ಬೆಳೆದದ್ದು, ನುಣುಪು. ಆ ಗೆರೆ ತಿಂಗಳು ತಿಂಗಳೂ ಒಂದಿಷ್ಟು ಕೆಳಗಿಳಿಯುತ್ತಿದೆ. ನಾನು ಪ್ರತಿ ಸಲವೂ ಅದನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡುತ್ತೇನೆ.

ಚಾಚಾ ಈಗ ಕೃಷಿ ವಿದ್ಯಾರ್ಥಿಗಳಿಗೆ ಕಾಲೆತ್ತಿಸುವುದನ್ನು ಕಲಿಸುತ್ತಾರೆ. ಭುಜದ ಮೇಲೆ ಕೈಯಿಟ್ಟು, ಕೈ ಬಿಡದೆ ಮೊಣಕಾಲು, ಮೊಣಕಾಲಿಂದ ಗೊರಸಿನ ಮೇಲಿನ ಗಂಟಿಗೆ ಇಳಿಸಿ, ಹೇಳಿ, ಕಾಯಬೇಕು. "ಎಳೀಬೇಡ. ಕೇಳು. ಅದೇ ಕೊಡುತ್ತೆ." ಕಲ್ಯಾಣಿಯ ಹಳೆಯ ಮಾಲೀಕ ಹುಡುಗನೂ ತಿಂಗಳಿಗೆ ಕೆಲವು ದಿನ ಬರುತ್ತಾನೆ. ಮೊದಲು ಅವಳನ್ನು ನೋಡಲು ಬಂದವನು. ಈಗ ಲಾಳದವರ ಜೊತೆ ಕೂತು ಉಜ್ಜುಗೋಲು ಹಿಡಿಯುವುದನ್ನು ಕಲಿಯುತ್ತಿದ್ದಾನೆ. ಸವಾರಿ ಶಾಲೆಯಲ್ಲಿ ಅವನಿಗೊಂದು ಕೆಲಸ ಆಗುವ ಮಾತಿದೆ. ಒಂದು ಕುದುರೆಯನ್ನು ತಂದು ಕಟ್ಟುವುದಕ್ಕಿಂತ ಇದು ದೊಡ್ಡದು ಎಂದು ನಾನು ತಿಳಿದಿದ್ದೇನೆ. ಇಂಥ ಒಬ್ಬ ಹುಡುಗನ ಕೈ ಪಳಗಿದರೆ ಅವನ ಬೀದಿಯಲ್ಲಿ ಉಳಿದಿರುವ ನಾಲ್ಕಾರು ಕುದುರೆಗಳ ಬಾಯಿಂದ ಮುಳ್ಳು ಇಳಿಯುತ್ತದೆ.

ಬಳ್ಳಾರಿ ರಸ್ತೆಯಲ್ಲೋ ಯಲಹಂಕದ ಸಂತೆಯ ಹತ್ತಿರವೋ ಕುಂಟುವ ಕುದುರೆ ಕಂಡರೆ ಏನು ಮಾಡಬೇಕೆಂದು ಬಹಳ ಜನ ಕೇಳುತ್ತಾರೆ. ನೆರಳಿಗೆ ಕರೆದು ನೀರು ಕೊಡಿ, ಬಕೆಟ್ಟುಗಟ್ಟಲೆ ಕುಡಿಯುತ್ತದೆ. ಚಪಾತಿ, ಅನ್ನ, ಬ್ರೆಡ್ಡು ಬೇಡ. ಹೊಟ್ಟೆಶೂಲೆಗೆ ಅದೇ ಸಾಕು. ಜೊತೆಗೆ ಯಾರಾದರೂ ಇದ್ದರೆ ಮೊದಲು ಅವರೊಡನೆ ಮಾತಾಡಿ, ಕುದುರೆಯ ಹೆಸರು ಕೇಳಿ. ಸರ್ಕಾರದ ಪಶು ಆಂಬುಲೆನ್ಸಿಗೆ 1962ಕ್ಕೆ ಫೋನು ಮಾಡಿ. ಬೇಕೆಂದೇ ಹಿಂಸೆ ಕೊಡುತ್ತಿದ್ದರೆ ಪೊಲೀಸರಿಗೆ ದೂರು ಕೊಡಿ, ಕೋರ್ಟು ಅದನ್ನು ಆಸರೆಯ ವಶಕ್ಕೆ ಒಪ್ಪಿಸಬಹುದು. ಮದುವೆಗೆ ಕುದುರೆ ಬೇಡವೆಂದು ನಿಮ್ಮ ಮನೆಯ ಮದುಮಗನಿಗೆ ಹೇಳುವುದು ಇವೆಲ್ಲಕ್ಕಿಂತ ಸುಲಭ.

ಕತ್ತೆಗಳದ್ದು ಬೇರೆಯೇ ರೀತಿ. ಅವು ನೋವನ್ನು ತೋರಿಸುವುದೇ ಇಲ್ಲ. ಕುಂಟತೊಡಗಿದ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ನಮ್ಮಲ್ಲಿರುವ ಜೋಡಿ ಇಟ್ಟಿಗೆ, ಮರಳು ಹೊತ್ತು ಬೆನ್ನು ಹರಿದುಕೊಂಡು ಬಂದದ್ದು. ಕತ್ತೆ ಒಮ್ಮೆ ಜೊತೆ ಕಟ್ಟಿಕೊಂಡರೆ ಅದನ್ನು ಅಗಲಿಸುವಂತಿಲ್ಲ. ಜೊತೆಗಾರ ಕಾಣದೆ ಹೋದರೆ ಮೇವು ಬಿಡುತ್ತದೆ. ಮೇವು ಬಿಟ್ಟ ಕತ್ತೆಯ ಕೊಬ್ಬೆಲ್ಲ ರಕ್ತಕ್ಕಿಳಿದು ಯಕೃತ್ತು ಕೆಟ್ಟು, ಕೆಲವೇ ದಿನಗಳಲ್ಲಿ ಸಾಯಲೂಬಹುದು. ಇದು ವೈದ್ಯಶಾಸ್ತ್ರದ ಮಾತು, ಭಾವುಕತೆಯಲ್ಲ. ಹಾಗಾಗಿ ಮೊನ್ನೆ ಹೆಣ್ಣು ಕತ್ತೆಯ ಹಲ್ಲು ಕೀಳಿಸಲು ಹೆಬ್ಬಾಳಕ್ಕೆ ಒಯ್ಯಬೇಕಾದಾಗ ಗಂಡು ಕತ್ತೆಯನ್ನೂ ಟೆಂಪೋ ಹತ್ತಿಸಿದೆವು. ಅದಕ್ಕೇನೂ ಕಾಯಿಲೆ ಇರಲಿಲ್ಲ. ಟೆಂಪೋದವರು ಎರಡು ಪ್ರಾಣಿಗೆ ಎರಡು ಬಾಡಿಗೆ ಎಂದರು. ಚಾಚಾ ಜಟಕಾ ಕಾಲದ ಚೌಕಾಸಿಗಿಳಿದು ಒಂದೂವರೆಗೆ ಇಳಿಸಿದರು, ಹೋಗಿ ಬರುವ ಎರಡೂ ದಾರಿಗೆ, ಕಾಯುವ ಹೊತ್ತೂ ಸೇರಿ.